ಇಸ್ತ್ರಿ ಹಾಕಿದ ಗೆರೆ

ಮೊದಲ ಸಾಲಿನಲ್ಲಿ ಯಾರೋ ಕೆಮ್ಮಿದರು, ಪರದೆಯ ಮೇಲೆ ಒಂದು ಬೂದುಬಣ್ಣದ ಮುದ್ದೆ ಎದ್ದು, ಉಬ್ಬಿ, ಎಡಕ್ಕೆ ಸರಿದು ಮಾಯವಾಯಿತು, ಜನ ನಕ್ಕರು, ಇನ್ನೊಬ್ಬ ಬೇಕೆಂದೇ ಕೆಮ್ಮಿದ, ಇನ್ನೊಂದು ಮುದ್ದೆ, ಇನ್ನಷ್ಟು ನಗು — ಮೈಕು ತೆರೆದೇ ಇದೆ, ಅಕ್ಕ ವೇದಿಕೆಗೆ ಬರುವವರೆಗೆ ಮುಚ್ಚಿಡಪ್ಪಾ ಎಂದು ಈ ಸೌಂಡಿನವನಿಗೆ ಎಷ್ಟು ಸಲ ಬಡಕೊಳ್ಳುವುದು, ಗೊಣಗಿ ತಲೆ ತಿರುಗಿಸಿ ನೋಡಿದಳು, ಅವನು ಪಕ್ಕದ ಕುರ್ಚಿಯಲ್ಲೇ ಕೂತು ಬನ್ನು ತಿನ್ನುತ್ತಿದ್ದಾನೆ, ಬಿಡಿ ಮೇಡಂ, ಜನಕ್ಕೂ ಒಂಚೂರು ಆಟ ಆಗುತ್ತೆ. ಆಟ. ಇವನಿಗೆ ಆಟ. ಹುಟ್ಟಿದಾಗಿನಿಂದ ಗೊಣಗುತ್ತಲೇ ಇದ್ದಾಳೆಂದು ಮನೆಯವರೆಲ್ಲ ಸೇರಿ ಇಟ್ಟ ಹೆಸರು ಗೊಣಗಿ, ನಲವತ್ತು ದಾಟಿದರೂ ಬಿಟ್ಟು ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ, ಆದರೆ ಇವತ್ತು ಗೊಣಗುವುದಕ್ಕೂ ಬಾಯಿ ಒಣಗಿದೆ. ಎದುರಿಗೆ ಕಂಪ್ಯೂಟರು, ಅದರಲ್ಲಿ ಅವಳೇ ಕೂತು ಬರೆದ ಪ್ರೋಗ್ರಾಮು, ಸ್ವರ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಸದ್ದು ದೊಡ್ಡದಾದರೆ ಗೆರೆ ದಪ್ಪ, ಮೆಲ್ಲಗಾದರೆ ಸಣ್ಣ, ನಾದ ಒರಟಾದರೆ ಕೆಂಪು, ತಿಳಿಯಾದರೆ ನೀಲಿ, ಇಷ್ಟೇ, ಕೇಳಿದವರು ಓ ಇಷ್ಟೇನಾ ಅನ್ನುತ್ತಾರೆ, ಅನ್ನಲಿ. ಪ್ರೋಗ್ರಾಮಿನ ನಟ್ಟನಡುವೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಸಂಖ್ಯೆ, ಅದರ ಮುಂದೆ ಮಿಣುಕುವ ಕರ್ಸರು — ಸಂಖ್ಯೆ ಸೊನ್ನೆಯಾಗಿದ್ದರೆ ಕೈ ಎಳೆದದ್ದು ಎಳೆದ ಹಾಗೇ ಪರದೆಗೆ ಬರುತ್ತದೆ, ಒಂದರ ಹತ್ತಿರ ಹೋದಷ್ಟೂ ಗೆರೆಯ ಉಬ್ಬುತಗ್ಗನ್ನೆಲ್ಲ ಪ್ರೋಗ್ರಾಮು ಸವರಿ ನಯ ಮಾಡುತ್ತದೆ. ಈಗ ಅಲ್ಲಿ ಪಾಯಿಂಟ್ ಒಂಬತ್ತು ಇದೆ. ಸೊನ್ನೆ ಇದೆ ಎಂದು ಅಕ್ಕ ತಿಳಿದುಕೊಂಡಿದ್ದಾಳೆ.

ದೀಪ ಆರಿತು, ಮೈಕು ಹೇಗೋ ಮುಚ್ಚಿ ಮತ್ತೆ ತೆರೆಯಿತು, ಚಪ್ಪಾಳೆ, ಚಪ್ಪಾಳೆಗೂ ಪರದೆಯ ಮೇಲೆ ಬೂದು ಮುಳ್ಳುಪೊದೆ, ಅದರ ನಡುವಿನಿಂದ ಅಕ್ಕ ಬಂದಳು, ಕಪ್ಪು ಉಡುಪು, ಎಡಗೈಯಲ್ಲಿ ಪಿಟೀಲು, ಬಲಗೈಯಲ್ಲಿ ಕಮಾನು, ಆ ಬಲಗೈಯನ್ನು ತೊಡೆಗೆ ಒತ್ತಿ ಹಿಡಿದಿದ್ದಾಳೆ, ಒತ್ತಿ ಹಿಡಿದದ್ದು ಯಾರಿಗೂ ಕಾಣದು, ಗೊಣಗಿಗೆ ಮಾತ್ರ ಕಾಣುತ್ತದೆ, ಈ ಒಂದು ವಾರದಿಂದ ಅವಳಿಗೆ ಅಕ್ಕನ ಬಲಗೈ ಬಿಟ್ಟು ಇನ್ನೇನೂ ಕಾಣುತ್ತಿಲ್ಲ. ಮುಂದಿನ ಸಾಲಿನ ನಡುವೆ ವಾದ್ಯಮೇಳದ ಮುಖ್ಯಸ್ಥರು, ಬೆಳ್ಳಿಕೂದಲು, ಕಾಲಮೇಲೆ ಕಾಲು, ಮುಂದಿನ ವರ್ಷದ ದೊಡ್ಡ ಪ್ರವಾಸಕ್ಕೆ ಅಕ್ಕನನ್ನೇ ಪಿಟೀಲಿನವರ ಮುಂದಾಳಾಗಿ ಮೊದಲ ಕುರ್ಚಿಯಲ್ಲಿ ಕೂರಿಸಬೇಕೆಂದು ಅವರ ಮನಸ್ಸು, ಇವತ್ತು ಅದಕ್ಕೇ ಬಂದಿದ್ದಾರೆ. ಅಕ್ಕ ಪಿಟೀಲನ್ನು ಗಲ್ಲಕ್ಕೆ ಕೊಟ್ಟಳು, ಕಾಲ ಬಳಿ ಓರೆಯಾಗಿಟ್ಟ ಸಣ್ಣ ಪರದೆಯನ್ನೊಮ್ಮೆ ನೋಡಿದಳು, ಅದೂ ಅವಳೇ ಹಟ ಹಿಡಿದು ಹಾಕಿಸಿಕೊಂಡದ್ದು, ಹಿಂದಿನ ದೊಡ್ಡ ಪರದೆ ನಂಗೆ ಕಾಣಲ್ಲ ಕಣೆ, ನಂಗೊಂದು ಬೇಕೇ ಬೇಕು, ಜನ ನೋಡೋದನ್ನ ನಾನೂ ನೋಡ್ಬೇಕು — ಆಮೇಲೆ ಕಮಾನು ಬಿತ್ತು, ಒಮ್ಮೆಗೇ ಕಿಡಿಕಿಡಿ, ಮೊದಲಿನದು ಓಟದ ತುಣುಕು, ಗೆರೆ ಏರಿ ಬಿದ್ದು ಸುತ್ತಿ ತಿರುಗಿ ಪರದೆಯ ತುಂಬ ಕೆಂಪು ನೀಲಿ ಬಳ್ಳಿ, ಜನ ಉಸಿರು ಹಿಡಿದರು, ಓಟದಲ್ಲಿ ಭಯವಿಲ್ಲ, ಓಟದಲ್ಲಿ ಏನೂ ಕಾಣದು, ಓಡಲಿ, ಇಡೀ ಮಧ್ಯಾಹ್ನ ಹೀಗೇ ಓಡುತ್ತಲೇ ಇರಲಿ ದೇವರೇ. ಕಾರ್ಯಕ್ರಮದ ಕೊನೆಯಲ್ಲಿದೆ ನಿಧಾನದ್ದು, ಅಕ್ಕ ಒಬ್ಬಳೇ, ಉದ್ದುದ್ದ ಕಮಾನು, ಮೆಲ್ಲನೆಯ ಸದ್ದು. ಚಿಕ್ಕವಳಿದ್ದಾಗ ಅಕ್ಕ ಕಿಟಕಿಯ ಬಳಿ ನಿಂತು ಅಭ್ಯಾಸ ಮಾಡುತ್ತಿದ್ದಳು, ಇವಳು ಮೇಜಿನ ಕೆಳಗೆ ಬೋರಲು ಮಲಗಿ ಅಪ್ಪನ ಡಬ್ಬಿಯಿಂದ ಕದ್ದ ಸೀಮೆಸುಣ್ಣದ ಚೂರಿನಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು, ಅಕ್ಕ ಮೇಲೆ ಹೋದರೆ ಸೀಮೆಸುಣ್ಣ ಮೇಲೆ, ಕೆಳಗೆ ಬಂದರೆ ಕೆಳಗೆ, ನೆಲವೆಲ್ಲ ಬೆಳ್ಳಗೆ, ಅಮ್ಮ ಬಂದು ಕಿವಿ ಹಿಂಡುವವರೆಗೆ, ಅಕ್ಕ ಪಿಟೀಲು ಕೆಳಗಿಟ್ಟು ಬಗ್ಗಿ ನೋಡಿ, ಇಲ್ಲಿ ನಾನು ತಪ್ಪು ಬಾರಿಸಿದ್ದೆ, ನೀನು ಸರಿಯಾಗಿ ಬರ್ದಿದೀಯ, ಕಳ್ಳಿ, ಅನ್ನುತ್ತಿದ್ದಳು. ಓದಿದ್ದು, ಕೆಲಸ ಹಿಡಿದದ್ದು, ಈ ಪ್ರೋಗ್ರಾಮು, ಎಲ್ಲ ಆ ಮೇಜಿನ ಕೆಳಗೇ ಶುರುವಾದದ್ದು.

ಮೊದಲ ಸಲ ಪ್ರೋಗ್ರಾಮು ತೋರಿಸಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು, ಮೂಗು ಮುರಿದಳು, ಏನೇ ಇದು, ಇಸ್ತ್ರಿ ಹಾಕಿದ ಹಾಗಿದೆ, ನಾನು ಹೀಗೆ ಬಾರಿಸ್ತೀನಾ, ಇದು ಯಾರೋ ಸತ್ತವಳ ಕೈ. ಚೆಂದ ಕಾಣಲಿ ಅಂತ ಸ್ವಲ್ಪ ನಯ ಮಾಡಿದ್ದೆ ಅಕ್ಕ. ಚೆಂದ ಯಾರಿಗೆ ಬೇಕಿತ್ತು, ನನ್ನ ಕೈ ಬರೆದದ್ದನ್ನ ತೋರ್ಸು, ಒರಟಿದ್ರೆ ಒರಟು, ಸೊಟ್ಟ ಇದ್ರೆ ಸೊಟ್ಟ, ಇಸ್ತ್ರಿ ತೆಗಿ. ತೆಗೆದಳು, ಸೊನ್ನೆ ಹಾಕಿದಳು, ಅಕ್ಕ ಮತ್ತೆ ಬಾರಿಸಿದಳು, ಗೆರೆ ಜೀವ ಬಂದು ಎದ್ದು ಕೂತಿತು, ಇಬ್ಬರೂ ಚಿಕ್ಕ ಹುಡುಗಿಯರಂತೆ ಕುಣಿದದ್ದೇ ಕುಣಿದದ್ದು. ಎರಡು ಮೂರು ವರ್ಷ ಸೊನ್ನೆಯೇ ಇತ್ತು, ಯಾವ ತಕರಾರೂ ಇರಲಿಲ್ಲ, ಈ ಸಲದ ತಾಲೀಮು ಶುರುವಾದಾಗಲೇ ಆ ಮಣಿಗಳು ಕಾಣಿಸಿಕೊಂಡದ್ದು — ಅಕ್ಕ ಬರುವ ಮುಂಚೆ ರೆಕಾರ್ಡು ಹಾಕಿ ನೋಡುತ್ತಿದ್ದಳು, ಉದ್ದ ಕಮಾನಿನ ನೀಲಿ ಗೆರೆ ಒಂದೇ ಸಮ ಇರಬೇಕಾದ್ದು ದಾರಕ್ಕೆ ಪೋಣಿಸಿದ ಮಣಿಯಂತೆ, ದಪ್ಪ, ಸಣ್ಣ, ದಪ್ಪ, ಸಣ್ಣ. ಎಡಗೈ ಬೆರಳನ್ನು ಬೇಕೆಂದು ಅಲ್ಲಾಡಿಸಿದರೆ ಗೆರೆ ಮೇಲೆ ಕೆಳಗೆ ಅಲೆಯುತ್ತದೆ, ಅದು ಬೇರೆ, ಅದು ಅಲಂಕಾರ, ಇದು ಎತ್ತರದಲ್ಲಿಲ್ಲ, ದಪ್ಪದಲ್ಲಿದೆ. ದೋಷ, ಅಂದುಕೊಂಡಳು. ಬೇರೆ ಏನು ಅಂದುಕೊಳ್ಳುತ್ತಾಳೆ, ಈ ಕಸುಬಿನವರಿಗೆ ಬೇಡದ್ದು ಏನು ಕಂಡರೂ ದೋಷವೇ, ಒಂದೋ ಪ್ರೋಗ್ರಾಮಿನದು, ಇಲ್ಲ ತಂತಿಯದು, ಮನುಷ್ಯರದು ಎಂಬ ಯೋಚನೆ ತಲೆಯ ಹತ್ತಿರವೂ ಸುಳಿಯುವುದಿಲ್ಲ. ಸೌಂಡಿನವನನ್ನು ಹಿಡಿದು ಜಗ್ಗಿದಳು, ನಿನ್ನ ಮೈಕು ಸರಿ ಇಲ್ಲ, ಮೈಕು ಸರಿಯಾಗೇ ಇದೆ ಮೇಡಂ, ಹಾಗಿದ್ರೆ ಸ್ಟ್ಯಾಂಡಿನ ತಿರುಪು ಸಡಿಲ ಇರ್ಬೇಕು, ಅವನು ತಿರುಪು ಬಿಗಿ ಮಾಡಿದ, ವೈರು ಬದಲಿಸಿದ, ಕೋಣೆಯ ಫ್ಯಾನು ನಿಲ್ಲಿಸಿ ಬೆವೆತ, ಕೊನೆಗೆ ಕೈಮುಗಿದು, ಮೇಡಂ, ನಿಮ್ಮ ಕಂಪ್ಯೂಟರಿಗೇ ಜ್ವರ ಬಂದಿರ್ಬೇಕು, ಅಂದ. ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು, ಸಿಗಲಿಲ್ಲ, ಅಕ್ಕನೋ ಇವತ್ತು ತೋರ್ಸು ನಾಳೆ ತೋರ್ಸು ಎಂದು ಪ್ರಾಣ ತಿನ್ನುತ್ತಿದ್ದಾಳೆ. ಸದ್ಯಕ್ಕೆ ಇರಲಿ, ದೋಷ ಸಿಕ್ಕಿದ ಮೇಲೆ ತೆಗೆದರಾಯಿತು ಎಂದು ಸೊನ್ನೆಯನ್ನು ಪಾಯಿಂಟ್ ಐದು ಮಾಡಿದಳು, ಆಮೇಲೆ ಏಳು, ಆಮೇಲೆ ಒಂಬತ್ತು, ಮಣಿಗಳು ಕರಗಿ ಗೆರೆ ನಯವಾಯಿತು, ಅಕ್ಕನಿಗೆ ತೋರಿಸಿದಳು, ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದಳು. ಅಕ್ಕ ಬೈಯಲಿಲ್ಲ. ಬಹಳ ಹೊತ್ತು ನೋಡಿದಳು, ಇನ್ನೊಂದ್ಸಲ ಹಾಕು ಅಂದಳು, ಮತ್ತೆ ನೋಡಿದಳು, ಚೆನ್ನಾಗಿದೆಯಲ್ಲೇ, ಎಷ್ಟು ಚೆನ್ನಾಗಿದೆ, ನೋಡಿದ್ರೆ ಸಮಾಧಾನ ಆಗುತ್ತೆ ಅಂದಳು. ಗೊಣಗಿ ಒಳಗೊಳಗೇ ನಕ್ಕಳು, ಇಷ್ಟು ದೊಡ್ಡ ಪಂಡಿತೆ, ಇಸ್ತ್ರಿ ಹಾಕಿದ್ದು ಗೊತ್ತೇ ಆಗಲಿಲ್ಲ ಎಂದು ಬೀಗಿದಳು. ಬೀಗಿದ್ದು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಎರಡನೆಯ ತುಣುಕು ಮುಗಿಯಿತು, ಚಪ್ಪಾಳೆ, ಮುಳ್ಳುಪೊದೆ, ಮೂರನೆಯದು ಇನ್ನೂ ಜೋರು, ಒಳ್ಳೆಯದೇ ಆಯಿತು. ಹೋದ ವಾರ, ಬೆಳಗಿನ ಕಾಫಿ ಹಿಡಿದುಕೊಂಡೇ, ಏನೋ ಹೊಳೆದು ಹಳೆಯ ರೆಕಾರ್ಡು ಹುಡುಕಿ ತೆಗೆದಳು, ಮೂರು ವರ್ಷದ ಹಿಂದಿನದು, ಅದೇ ಅಕ್ಕ, ಅದೇ ಪಿಟೀಲು, ಅದೇ ನಿಧಾನದ ತುಣುಕು, ಸಂಖ್ಯೆಗೆ ಸೊನ್ನೆ ಕೊಟ್ಟು ಅದೇ ಪ್ರೋಗ್ರಾಮಿಗೆ ಹಾಕಿದಳು — ಗೆರೆ ನೀಟಾಗಿ ಹರಿಯಿತು, ಒಂದು ಮಣಿಯಿಲ್ಲ. ಈ ತಿಂಗಳಿನದು ಹಾಕಿದಳು, ಮಣಿ. ಅಕ್ಕನ ಶಿಷ್ಯೆಯೊಬ್ಬಳು ಅದೇ ಮೈಕಿನ ಮುಂದೆ ಬಾರಿಸಿದ್ದಿತ್ತು, ಅದನ್ನು ಹಾಕಿದಳು, ಸೊಟ್ಟ, ಒರಟು, ಸ್ವರ ತಪ್ಪಿದ್ದು, ಎಲ್ಲ ಇತ್ತು, ಮಣಿ ಇರಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತ್ತು. ಮೈಕಲ್ಲ, ತಿರುಪಲ್ಲ, ವೈರಲ್ಲ, ಪ್ರೋಗ್ರಾಮಿನ ಯಾವ ಸಾಲೂ ಅಲ್ಲ, ಕೈಯೇ, ಕಮಾನು ಹಿಡಿದ ಬಲಗೈಯೇ ನಡುಗುತ್ತಿದೆ, ಕಿವಿಗೆ ಇನ್ನೂ ಸಿಗದಷ್ಟು ಸಣ್ಣಗೆ, ನಾನು ಅದಕ್ಕೆ ದೋಷ ಎಂದು ಹೆಸರಿಟ್ಟು ಒರೆಸಿ ಹಾಕಿದ್ದೇನೆ. ಅಪ್ಪನ ಕೈಯೂ ಹೀಗೇ ಶುರುವಾದದ್ದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಆಳೆತ್ತರದ ಅಕ್ಷರ, ಕುಂಚ ಒಮ್ಮೆ ಇಟ್ಟರೆ ಕೊನೆ ಮುಟ್ಟುವವರೆಗೆ ಎತ್ತುತ್ತಿರಲಿಲ್ಲ, ಊರಿಗೆಲ್ಲ ಅವರದೇ ಕೈ, ಆ ಕೈ ಅಂಚಿನಲ್ಲಿ ಒಂಚೂರು ಒಂಚೂರು ಅಲುಗಲು ಶುರುವಾಯಿತು, ಅಕ್ಷರದ ಅಂಚು ಗರಗಸದ ಹಲ್ಲಿನಂತೆ. ಊಟವಾಗಿ ಅಪ್ಪ ಮಲಗಿದ ಮೇಲೆ ಅಮ್ಮ ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಸಣ್ಣ ಕುಂಚ ತೆಗೆದುಕೊಂಡು ಅಂಚು ತಿದ್ದುತ್ತಿದ್ದರು, ನೀವಿಬ್ರೂ ಬಾಯಿ ಬಿಟ್ರೆ ನೋಡಿ, ಅವರ ಮನಸ್ಸಿಗೆ ನೋವಾಗುತ್ತೆ, ಎಂದು ಹೆಣ್ಣುಮಕ್ಕಳಿಬ್ಬರಿಗೂ ತಾಕೀತು. ಅಪ್ಪ ಎದ್ದು ಬಂದು ಬೋರ್ಡು ನೋಡಿ, ಪರ್ವಾಗಿಲ್ಲ ಕಣೇ, ಕೈ ಇನ್ನೂ ಗಟ್ಟಿ ಇದೆ, ಅನ್ನುತ್ತಿದ್ದರು, ಗಟ್ಟಿ ಇದೆ ಎಂದೇ ನಂಬಿ ಎತ್ತರದ ಏಣಿ ಹತ್ತಿದರು, ಏಣಿಯ ಮೇಲೆ ಹಿಡಿತ ಜಾರಿ ಬಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದವರು ಬಂದವರಿಗೆಲ್ಲ ಒಂದೇ ಮಾತು ಕೇಳುತ್ತಿದ್ದರು, ಅಕ್ಷರ ಚೆನ್ನಾಗೇ ಬರ್ತಿತ್ತಲ್ಲ, ಅಲ್ವಾ? ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಒಂದು ವಾರ ಬಾಯಿ ಬಿಡಲಿಲ್ಲ, ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ, ಕಾರ್ಯಕ್ರಮ ಮುಗಿಯಲಿ, ಮುಖ್ಯಸ್ಥರು ಇದಾರೆ, ಅಕ್ಕನ ಎದೆ ಒಡೆಯುವುದು ಬೇಡ, ಎಲ್ಲ ಅಮ್ಮನ ಮಾತೇ, ಅಮ್ಮನ ಸಣ್ಣ ಕುಂಚವೇ — ವಿರಾಮದ ಗಂಟೆ ಹೊಡೆಯಿತು, ದೀಪ ಬೆಳಗಿತು, ಸೌಂಡಿನವನು ಮೈಮುರಿದ, ಭಾರಿಯಾಗಿ ಬರ್ತಿದೆ ಮೇಡಂ, ಕಂಪ್ಯೂಟರಿನ ಜ್ವರ ಇಳಿದಿದೆ. ಎದ್ದು ಪಕ್ಕದ ಬಾಗಿಲಿನಿಂದ ನುಗ್ಗಿದಳು, ಓಣಿಯಂಥ ದಾರಿ, ಪೇರಿಸಿಟ್ಟ ಕುರ್ಚಿಗಳು, ಒದ್ದೆ ನೆಲದ ವಾಸನೆ, ಕೊನೆಯ ಕೋಣೆಯಲ್ಲಿ ಅಕ್ಕ, ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಾಳೆ, ಬಲಗೈಯನ್ನು ಎಡ ಕಂಕುಳಲ್ಲಿ ಅವಿಸಿಟ್ಟಿದ್ದಾಳೆ, ಚಳಿಯೇ ಅಕ್ಕ? ಇಲ್ಲಪ್ಪ, ಸುಮ್ನೆ. ನೀರು ಕುಡೀತೀಯ? ಎಡಗೈಯಲ್ಲಿ ಲೋಟ ತೆಗೆದುಕೊಂಡಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ, ಗೊಣಗಿ, ಮುಖ್ಯಸ್ಥರಿಗೆ ಹ್ಞೂಂ ಅಂದ್ಬಿಟ್ಟೆ ಕಣೆ, ಈಗ ತಾನೇ ಬಂದು ಹೋದ್ರು, ಒಂದು ವರ್ಷ ಪೂರ್ತಿ ತಿರುಗಾಟ, ಬಟ್ಟೆ ಕಟ್ಟೋಕೆ ನೀನೇ ಬರ್ಬೇಕು. ಅಕ್ಕ, ಒಂದು ಮಾತು — ತಡಿ, ನಾನು ಹೇಳಿ ಮುಗಿಸ್ತೀನಿ. ನಾಳೆ ಒಬ್ಬ ಡಾಕ್ಟ್ರನ್ನ ನೋಡೋದಿತ್ತು, ಬರಲ್ಲ ಅಂತ ಫೋನು ಮಾಡ್ಬಿಡ್ತೀನಿ. ಯಾವ ಡಾಕ್ಟ್ರು? ನರದೋರು. ಈ ಕೈದೇ ಏನೋ ಅನುಮಾನ ಇತ್ತು ನಂಗೆ, ಲೋಟ ಹಿಡಿದಾಗ, ಬೀಗ ಹಾಕುವಾಗ, ಯಾರ ಹತ್ರನೂ ಹೇಳಿರ್ಲಿಲ್ಲ, ನಿನ್ನ ಹತ್ರನೂ, ಅಪ್ಪಂದು ನೆನಪಿದೆಯಲ್ಲ. ಅಕ್ಕ ನಕ್ಕಳು, ಅದಕ್ಕೇ ಕಣೆ ನಾನು ಗೆರೆ ಗೆರೆ ಅಂತ ನಿನ್ನ ತಲೆ ತಿಂದಿದ್ದು. ನಮ್ಮ ಮನೇಲಿ ಯಾರನ್ನ ಕೇಳೋದು ಹೇಳು, ಎಲ್ರೂ ಚೆನ್ನಾಗಿದೆ ಅನ್ನೋರೇ, ನನ್ನ ಕಿವಿಗೆ ಹೇಗೂ ನನ್ನ ಕಂಡ್ರೆ ಪ್ರೀತಿ, ನಿನ್ನ ಡಬ್ಬಕ್ಕೆ ಯಾರ ಮುಲಾಜು? ಅದೊಂದೇ ಸುಳ್ಳು ಹೇಳಲ್ಲ. ಹೊರಗೆ ಗಂಟೆ ಹೊಡೆಯಿತು. ಅಕ್ಕ ಎದ್ದು ಪಿಟೀಲು ತೆಗೆದುಕೊಂಡಳು, ಬಾಗಿಲ ಬಳಿ ತಿರುಗಿ ನಿಂತಳು, ಅದು ನನ್ನ ಕೈಯೇ ತಾನೇ? ಇಸ್ತ್ರಿ ಇಲ್ಲ ತಾನೇ? ಗೊಣಗಿ ಲೋಟ ಕೈಗೆತ್ತಿಕೊಂಡಳು. ಇಲ್ಲಕ್ಕ, ಅಂದಳು.

ಓಣಿಯಲ್ಲಿ ವಾಪಸು ನಡೆಯುತ್ತಿದ್ದಾಳೆ, ಸಮಾಧಾನ ಆಗುತ್ತೆ ಎಂದು ಅಕ್ಕ ಅಂದದ್ದು ಚೆಂದಕ್ಕಲ್ಲ, ಇನ್ನೊಂದ್ಸಲ ಹಾಕು ಎಂದದ್ದು ಕಲೆಗಲ್ಲ, ಸಣ್ಣ ಪರದೆಗೆ ಹಟ ಹಿಡಿದದ್ದು ಜಂಬಕ್ಕಲ್ಲ, ಅಯ್ಯೋ ನನ್ನ ಅಕ್ಕನೇ, ತಾಲೀಮಿಗೆ ಬಂದಾಗಲೆಲ್ಲ ಅವಳು ಆಸ್ಪತ್ರೆಗೆ ಬಂದಂತೆ ಬರುತ್ತಿದ್ದಳು, ನಾನು ಪ್ರತಿ ಸಲವೂ ಏನೂ ಇಲ್ಲ ಹೋಗಿ ಬಾ ಎಂದು ಕಳಿಸುತ್ತಿದ್ದೆ. ಬೇಗ ತೋರಿಸಿದರೆ ಹತೋಟಿಯಲ್ಲಿಡಬಹುದು, ತಡವಾದಷ್ಟೂ ಕಷ್ಟ ಎಂದು ಈ ವಾರ ಓದಿದ್ದೆಲ್ಲ ತಲೆಯಲ್ಲಿ ಗಿರಗಿರ ತಿರುಗುತ್ತಿದೆ, ನಾಳೆ ಅವಳು ಹೋಗುವುದಿಲ್ಲ, ನಾಡಿದ್ದೂ ಹೋಗುವುದಿಲ್ಲ, ವರ್ಷವೆಲ್ಲ ಊರೂರು ತಿರುಗುತ್ತಾಳೆ, ಪ್ರತಿ ಊರಲ್ಲೂ ಈ ಇಸ್ತ್ರಿ ಗೆರೆ ನೆನೆದು ಸಮಾಧಾನ ಮಾಡಿಕೊಳ್ಳುತ್ತಾಳೆ. ಕುರ್ಚಿಗೆ ಬಿದ್ದಳು. ದೀಪ ಆರುತ್ತಿದೆ. ಕೇಳೋ ಇಲ್ಲಿ, ಎಂದು ಸೌಂಡಿನವನ ತೋಳು ಹಿಡಿದಳು, ಅಕ್ಕನ ಕಾಲ ಹತ್ರ ಇರೋ ಪರದೆಗೆ ಒಂದು, ದೊಡ್ಡದಕ್ಕೆ ಒಂದು, ಬೇರೆ ಬೇರೆ ಚಿತ್ರ ಕಳ್ಸೋಕಾಗುತ್ತಾ? ಅವನು ಮಿಕಮಿಕ ನೋಡಿದ, ಈಗಲಾ? ಒಂದೇ ವೈರು ಮೇಡಂ, ವೇದಿಕೆ ಕೆಳಗೆ ಇಬ್ಭಾಗ ಆಗಿರೋದು, ಬೇರೆ ಮಾಡ್ಬೇಕಂದ್ರೆ ಹಲಗೆ ಎತ್ಬೇಕು. ದೊಡ್ಡದನ್ನ ಮಾತ್ರ ಆರ್ಸು. ಆರ್ಸಿದ್ರೆ ಜನ ಸುಮ್ನಿರ್ತಾರಾ, ಟಿಕೆಟ್ ತಗೊಂಡಿರೋದೇ ಅದನ್ನ ನೋಡೋಕೆ, ನಿಮ್ಮಕ್ಕ ನನ್ನ ಚರ್ಮ ಸುಲೀತಾರೆ, ಏನಾಯ್ತು ಹೇಳಿ. ಏನಿಲ್ಲ. ಹಾಗಾದರೆ ಎರಡರಲ್ಲೂ, ಇಲ್ಲವೇ ಯಾವುದರಲ್ಲೂ ಇಲ್ಲ, ಅಕ್ಕನಿಗೆ ಗೊತ್ತಾಗಬೇಕಾದರೆ ಊರಿಗೆ ಕಾಣಬೇಕು, ಮುಖ್ಯಸ್ಥರಿಗೆ ಕಾಣಬೇಕು. ಮುಗಿದ ಮೇಲೆ ಹೇಳೋಣ, ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕೈ ಹಿಡಿದುಕೊಂಡು ಹೇಳೋಣ — ಹೇಳುತ್ತೀಯಾ? ಕೇಳಿದಾಗಲೇ ಹೇಳಲಿಲ್ಲ, ಮುಖ ನೋಡಿ ಕೇಳಿದಳು, ಇಲ್ಲಕ್ಕ ಅಂದೆ, ಮುಗಿದ ಮೇಲೆ ಹೂವು, ಫೋಟೋ, ಹೊಗಳಿಕೆ, ಅಕ್ಕನ ನಗು, ಆ ನಗುವಿನ ಮುಂದೆ ನಿನ್ನ ಬಾಯಿ ಏಳುತ್ತದಾ, ಈ ಮನೆತನದ ಯಾರ ಬಾಯಿ ಎದ್ದಿದೆ, ತನ್ನನ್ನು ತಾನು ಇವಳು ಚೆನ್ನಾಗಿ ಬಲ್ಲಳು.

ಅಕ್ಕ ಬಂದು ನಿಂತಳು. ಎರಡು ಓಟದ ತುಣುಕು, ಬಂದವು, ಹೋದವು, ಯಾಕಿಷ್ಟು ಬೇಗ ಮುಗಿಯುತ್ತಿವೆ, ಬಳ್ಳಿ, ಕಿಡಿ, ಚಪ್ಪಾಳೆ, ಪರದೆ ಬರಿದಾಯಿತು, ಬರಿದಾದ ಕಪ್ಪಿನ ಮೇಲೆ ಯಾರೂ ಕೆಮ್ಮಲಿಲ್ಲ, ಅಕ್ಕ ಕಮಾನಿನ ತುದಿಯನ್ನು ತಂತಿಗೆ ಮುಟ್ಟಿಸಿ ಒಂದು ಕ್ಷಣ ಹಾಗೇ ನಿಂತಳು, ಎಳೆದಳು. ನೀಲಿ. ಎಲ್ಲಿ ಹುಟ್ಟಿತು ಎಂದು ಹೇಳಲಾಗದಷ್ಟು ಮೆಲ್ಲಗೆ, ಬಲತುದಿಯಿಂದ ಎಡಕ್ಕೆ ಹರಿಯುತ್ತಿದೆ, ನಯ, ಒಂದೇ ಸಮ, ಹಿಂದಿನ ಸಾಲಿನಲ್ಲಿ ಯಾರೋ ಎಷ್ಟು ಶುದ್ಧವಾಗಿದೆ ನೋಡು ಎಂದು ಪಿಸುಗುಟ್ಟಿದರು, ಅಕ್ಕ ಸಣ್ಣ ಪರದೆಯತ್ತ ಕಣ್ಣು ಹಾಯಿಸಿದಳು, ಅವಳ ಭುಜ ಸಡಿಲವಾಯಿತು, ದೂರದಿಂದಲೂ ಕಂಡಿತು, ಹುಬ್ಬಿನ ಗಂಟು ಬಿಚ್ಚಿತು, ನೋಡು, ಸುಳ್ಳಿಗೆ ಹೇಗೆ ನಿರಾಳವಾಗುತ್ತಿದ್ದಾಳೆ, ನನ್ನ ಸುಳ್ಳಿಗೆ. ಗೊಣಗಿಯ ಬೆರಳು ಒಂಬತ್ತನ್ನು ಅಳಿಸಿತು, ಸೊನ್ನೆ ಒತ್ತಿತು, ಇಷ್ಟಾದರೂ ಏನೂ ಆಗದು, ಎಂಟರ್ ಒತ್ತುವವರೆಗೆ ಪ್ರೋಗ್ರಾಮು ಹಳೆಯದನ್ನೇ ನಡೆಸುತ್ತದೆ, ಇನ್ನೂ ಹಿಂದೆ ಸರಿಯಬಹುದು, ಎರಡನೆಯ ಕಮಾನು, ಇನ್ನೂ ಉದ್ದ, ಮುಖ್ಯಸ್ಥರು ಕಾಲು ಕೆಳಗಿಟ್ಟು ಮುಂದಕ್ಕೆ ಬಾಗಿದ್ದಾರೆ, ಅವರಿಗೆ ಗೊತ್ತಾದರೆ ಕುರ್ಚಿ ಹೋಗುತ್ತದೆ, ಪ್ರವಾಸ ಹೋಗುತ್ತದೆ, ಅಕ್ಕನ ಜೀವವೇ ಅದು, ಅದನ್ನು ಕಿತ್ತುಕೊಳ್ಳಲು ನೀನ್ಯಾರು, ನಾನ್ಯಾರು ಅಂದರೆ ಊರನ್ನೆಲ್ಲ ಬಿಟ್ಟು ಅವಳು ಕೇಳಿದ್ದು ನನ್ನನ್ನೇ, ಅದು ನನ್ನ ಕೈಯೇ ತಾನೇ ಎಂದು, ಮೂರನೆಯ ಕಮಾನು ಶುರುವಾಗುತ್ತಿದೆ, ಇದು ಎಲ್ಲಕ್ಕಿಂತ ಮೆಲ್ಲನೆಯದು, ಸೌಂಡಿನವನು ಏನ್ಮಾಡ್ತಿದೀರಿ ಮೇಡಂ ಅಂದ, ಬೆರಳು ತಣ್ಣಗಿದೆ, ಅಕ್ಕ ಕ್ಷಮಿಸು ಕಣೆ, ಒತ್ತಿದಳು.

ಗೆರೆ ಬಲತುದಿಯಲ್ಲಿ ಹುಟ್ಟುತ್ತಿದ್ದ ಹಾಗೆಯೇ ಒಡೆದು ಮಣಿಮಣಿಯಾಯಿತು, ದಪ್ಪ, ಸಣ್ಣ, ದಪ್ಪ, ಸಣ್ಣ, ಎಡಕ್ಕೆ ಸರಿಯುತ್ತಿರುವುದು ಇನ್ನೂ ಆ ನಯವಾದ ಗೆರೆ, ಅದರ ಬಾಲಕ್ಕೆ ಅಂಟಿಕೊಂಡು ಮಣಿಗಳು, ಒಂದೇ ಪರದೆಯ ಮೇಲೆ ಎರಡೂ ಒಟ್ಟಿಗೆ, ಇಸ್ತ್ರಿ ಹಾಕಿದ್ದು, ಹಾಕದ್ದು, ನಡುವೆ ಒಂದು ಗಡಿ, ಆ ಗಡಿ ಮೆಲ್ಲಗೆ ತೆವಳಿ ಹೋಗುತ್ತಿದೆ — ಇದನ್ನು ಯೋಚಿಸಿರಲಿಲ್ಲ, ಅಕ್ಕನಿಗೆ ಕಾಣುವುದು ಕೈಯೊಂದೇ ಅಲ್ಲ, ಸುಳ್ಳು ಹೇಳಿದ ತಂಗಿಯೂ ಕಾಣುತ್ತಾಳೆ. ಸಭೆಯಲ್ಲಿ ಆಹಾ ಎಂದು ಒಂದು ಅಲೆ ಎದ್ದಿತು, ಚೆಂದ ಕಂಡಿತು ಅವರಿಗೆ, ಎಷ್ಟು ಚೆಂದ, ಮುತ್ತಿನ ಸರದ ಹಾಗೆ, ಯಾರೋ ಫೋನು ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದಾರೆ, ಮುಖ್ಯಸ್ಥರು ಅಲುಗಲಿಲ್ಲ, ಪರದೆಯಿಂದ ಕಣ್ಣು ಕಿತ್ತು ಅಕ್ಕನ ಬಲಗೈ ಕಡೆ ನೋಡುತ್ತಿದ್ದಾರೆ, ಅವರೂ ಜೀವಮಾನವೆಲ್ಲ ಕಮಾನು ಹಿಡಿದವರೇ. ಅಕ್ಕ ನಿಲ್ಲಿಸಲಿಲ್ಲ. ತಲೆ ಎತ್ತಿ ಹಿಂದಿನ ಕತ್ತಲೆಗೆ, ಗೊಣಗಿ ಕೂತಿರುವ ಕಡೆಗೆ ನೋಡುತ್ತಾಳೆ, ಈಗ ನೋಡುತ್ತಾಳೆ ಎಂದು ಇವಳು ಕಾದಳು, ನೋಡಲಿಲ್ಲ, ಒಮ್ಮೆಯೂ ನೋಡಲಿಲ್ಲ, ಸಭೆಗೆ ಅರ್ಧ ಬೆನ್ನು ಹಾಕಿ ಇಡೀ ಮೈಯನ್ನು ಸಣ್ಣ ಪರದೆಯ ಕಡೆಗೆ ತಿರುಗಿಸಿದಳು, ಒಂದು ಹೆಜ್ಜೆ ಹತ್ತಿರ ಹೋದಳು, ಬಗ್ಗಿದಳು, ತುಣುಕಿನ ಕೊನೆಯ ಸ್ವರ ಅದು, ಕಮಾನನ್ನು ಬುಡದಿಂದ ಹಿಡಿದು ಎಳೆಯತೊಡಗಿದಳು, ಇಷ್ಟು ನಿಧಾನಕ್ಕೆ ಯಾರೂ ಎಳೆಯುವುದಿಲ್ಲ, ಅಷ್ಟು ನಿಧಾನ, ಮುಚ್ಚಿಡಲು ಎಲ್ಲೂ ಜಾಗ ಉಳಿಯದಷ್ಟು ನಿಧಾನ, ನೋಡಲಿಕ್ಕೆಂದೇ ಎಳೆಯುತ್ತಿದ್ದಾಳೆ, ಪರದೆಯಲ್ಲಿ ಈಗ ನಯವಾದದ್ದು ಪೂರ್ತಿ ಹೊರಗೆ ಹೋಯಿತು, ಇನ್ನು ಇದೊಂದೇ, ನೀಲಿ, ದಪ್ಪ, ಸಣ್ಣ, ಅಕ್ಕ ಅದರಿಂದ ಕಣ್ಣು ತೆಗೆಯುತ್ತಿಲ್ಲ, ಗೊಣಗಿಯೂ ತೆಗೆಯಲಾರಳು, ಕಮಾನು ಇನ್ನೂ ಮುಗಿದಿಲ್ಲ, ದಪ್ಪ, ಸಣ್ಣ, ದಪ್ಪ, ಸಣ್ಣ, ದಪ್ಪ,